ಇಪ್ಪತ್ತೆರಡರ ಖಾಲಿ ಪುಟ

ಮಾರ್ಚ್ 3, ಮಂಗಳವಾರ, ಸಂಜೆ

ನೂರಾ ಎಂಬತ್ತು ಕುರ್ಚಿ ವಾಪಸ್. ಹನ್ನೊಂದರ ಕಾಲು ಸೊಟ್ಟ, ಎಲ್ಲದಕ್ಕೂ ಜಿಡ್ಡು. ತೊಳೆದವಳು ನಾನೇ. ಊರಿಗೆಲ್ಲ ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ನಮ್ಮದೊಂದೇ. ಯಾರ ಮನೆಯ ಸಂಭ್ರಮವಾದರೂ ಸೊಂಟ ಬೀಳುವುದು ನನ್ನದು.

ಇನ್ನು ಹತ್ತೊಂಬತ್ತು ದಿನ. ಇಪ್ಪತ್ತೆರಡು, ಭಾನುವಾರ, ನನ್ನ ಮದುವೆ. ಗೊತ್ತುಮಾಡಿದ್ದು ಮೂರನೇ ಸಲ. ಮೊದಲನೆಯ ದಿನವನ್ನು ಡಾಕ್ಟರ ಮಗಳಿಗೆ ಬಿಟ್ಟುಕೊಟ್ಟೆವು, ಎರಡನೆಯದನ್ನು ಹೆಡ್‌ಮಾಸ್ತರರ ನಿವೃತ್ತಿಗೆ. ನಮ್ಮದು ಯಾವತ್ತಾದರೂ ಮಾಡಿಕೊಳ್ಳಬಹುದು, ಗಿರಾಕಿ ಕಾಯುತ್ತಾರೆಯೇ ಎಂಬುದು ಅಪ್ಪನ ವಾದ. ಈ ಸಲ ಲೈಟಿನವರ ಅಮ್ಮ ಕಡ್ಡಿ ಮುರಿದಂತೆ ಹೇಳಿದ್ದಾರೆ: ಇನ್ನೊಮ್ಮೆ ಮುಂದಕ್ಕೆ ಹೋದರೆ ಬೇರೆ ಕಡೆ ಹೆಣ್ಣು ನೋಡುತ್ತಾರಂತೆ.

ಲೈಟಿನವರು ಅಂದರೆ ನನ್ನವರು. ಸಮಾರಂಭಗಳಿಗೆ ದೀಪ ಹಾಕುತ್ತಾರೆ. ಆರು ವರ್ಷದಿಂದ ಕಂಡವರ ಶಾಮಿಯಾನದಲ್ಲೇ ಭೇಟಿ... ಅವರು ಏಣಿಯ ಮೇಲೆ, ನಾನು ಕೆಳಗೆ ಕುರ್ಚಿ ಎಣಿಸುತ್ತ.

ಮಾರ್ಚ್ 5

ಇಪ್ಪತ್ತೆರಡನ್ನು ಬುಕಿಂಗ್ ಪುಸ್ತಕದಲ್ಲಿ ಬರೆಯಲು ಹೋದೆ. ಅಪ್ಪ ಪೆನ್ ಕಿತ್ತು ಜೇಬಿಗೆ ಸಿಕ್ಕಿಸಿಕೊಂಡ.

"ಅದು ಗಿರಾಕಿಗಳ ಪುಸ್ತಕ. ನಮ್ಮನೆ ಕೆಲ್ಸ ನಮಗೇ ಮರ್ತೋಗುತ್ತಾ?"

ವಾದ ಮಾಡಲು ತ್ರಾಣವಿರಲಿಲ್ಲ. ಬಿಟ್ಟೆ.

ಮಾರ್ಚ್ 12, ಗುರುವಾರ, ಮಧ್ಯಾಹ್ನ

ಏನು ಮಾಡಿಬಿಟ್ಟೆ.

ಬೆಳಿಗ್ಗೆ ಒಂದು ಕಿವಿಗೆ ಫೋನ್, ಇನ್ನೊಂದಕ್ಕೆ ತಮ್ಮನ ಟೆಂಪೋ ಹಾರ್ನ್. ಫೋನಿನಲ್ಲಿ ಮಿಲ್ ಯಜಮಾನರು. ತಂದೆತಾಯಿಯ ಮದುವೆಗೆ ಐವತ್ತು ವರ್ಷ, ಐನೂರು ಜನಕ್ಕೆ ಊಟ, ಇಪ್ಪತ್ತೆರಡು ಖಾಲಿ ಇದೆಯೇ ಅಂದರು. ಪುಟ ತಿರುವಿದೆ. ಬೆಳ್ಳಗಿತ್ತು. ಖಾಲಿ ಇದೆ ಅಂದೆ. ಐನೂರು ಕುರ್ಚಿ, ದೊಡ್ಡ ಶಾಮಿಯಾನ ಎಂದು ಅಂದವಾಗಿ ಬರೆದೆ. ಕೆಳಗೆ ಗೆರೆ ಬೇರೆ ಎಳೆದೆ.

ತಿಂಡಿಗೆ ಕೂತಾಗ ನೆನಪಾಯಿತು, ಅವತ್ತು ನನ್ನದೇ ಮದುವೆ. ನಮ್ಮ ಹತ್ತಿರ ಇರುವುದೇ ಐನೂರು. ಪಕ್ಕದ ಊರಿಗೆ ಫೋನ್ ಮಾಡಿದೆ, ಅವರವೂ ಹೋಗಿವೆ. ಮಿಲ್ಲಿನವರಿಗೆ ಮತ್ತೆ ಮಾಡಿದೆ. ನಮ್ಮ ಮಾತು ನಂಬಿ ಆಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ.

ಕೊಟ್ಟ ಮಾತು ಹಿಂದೆ ತೆಗೆಯಲಾಗದು, ನಮ್ಮದನ್ನೇ ಎರಡು ವಾರ ತಳ್ಳೋಣ ಎಂದ ಅಪ್ಪ. ಹೇಗೂ ಬರೆದವಳು ನೀನೇ ತಾನೇ ಎಂದೂ ಸೇರಿಸಿದ. ನಿಜವಾದ್ದರಿಂದಲೇ ಸಿಟ್ಟು ಬಂತು.

ಮಾರ್ಚ್ 13

ಲೈಟಿನವರಿಗೆ ಹೇಳಿದೆ. ಶಾಲೆಯ ಹಾಲ್‌ನಲ್ಲಿ ವೈರ್ ಸುತ್ತುತ್ತಿದ್ದರು. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಮಿಲ್ನವ್ರು ಲೈಟಿಗೆ ನನ್ನನ್ನೂ ಕೇಳಿದ್ರು. ಅವತ್ತು ನನ್ನ ಮದುವೆ, ಆಗಲ್ಲ ಅಂದೆ."

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 18, ಬುಧವಾರ

ಐದು ದಿನ ಫೋನಿಲ್ಲ. ನಾನೂ ಮಾಡಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?

ಇವತ್ತು ಅಪ್ಪ ಮುಂದಿನ ತಿಂಗಳ ಪುಟ ತಿರುವುತ್ತ ಕೂತಿದ್ದ, ನಮಗೊಂದು ಬಿಡುವಿನ ದಿನ ಹುಡುಕುತ್ತ. ತಲೆ ಕೆಟ್ಟುಹೋಯಿತು. ಹೋಗಿ ಪುಸ್ತಕ ಮುಚ್ಚಿದೆ.

"ದಿನ ಬದಲಾಗಲ್ಲ ಅಪ್ಪ. ಬಂದೋರು ನಿಂತ್ಕೊಳ್ಳಲಿ."

"ನಮ್ಮನೆ ಮದುವೇಲಿ ಜನ ನಿಲ್ಲೋದಾ?"

"ಹಾಗಾದ್ರೆ ಮನೆಮನೆಗೆ ಹೋಗಿ ಕುರ್ಚಿ ಕೇಳು."

ಮೂವತ್ತು ವರ್ಷ ಊರನ್ನೇ ಕೂರಿಸಿದ ಮನುಷ್ಯ. ಯಾರನ್ನೂ ಏನೂ ಕೇಳಿದವನಲ್ಲ. ಮುಖ ಗಂಟಿಕ್ಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟ. ನನಗೆ ಪಾಪ ಅನಿಸಿತು, ಆದರೆ ಕರೆಯಲಿಲ್ಲ.

ಲೈಟಿನವರಿಗೆ ಒಂದೇ ಸಾಲು ಮೆಸೇಜ್ — ಭಾನುವಾರವೇ. ಓದಿದ್ದಾರೆ. ಉತ್ತರವಿಲ್ಲ.

ಮಾರ್ಚ್ 21, ಶನಿವಾರ, ಮಧ್ಯಾಹ್ನ

ತಮ್ಮ ನಮ್ಮ ಐನೂರನ್ನೂ ಮಿಲ್ಲಿಗೆ ಸಾಗಿಸುತ್ತಿದ್ದಾನೆ. ಇತ್ತ ಅಂಗಳಕ್ಕೆ ಊರಿನವರ ಕುರ್ಚಿಗಳು ಬರುತ್ತಿವೆ. ದರ್ಜಿಯ ಸ್ಟೂಲು. ಕ್ಷೌರದಂಗಡಿಯ ಬೆಂಚು. ಎದುರುಮನೆ ಅಜ್ಜಿಯ ಒಂದು ಕೈ ಮುರಿದ ಆರಾಮಕುರ್ಚಿ — ಅದರಲ್ಲಿ ತಾನೊಬ್ಬಳೇ ಕೂರುವುದೆಂಬ ಷರತ್ತು ಬೇರೆ. ಒಟ್ಟು ತೊಂಬತ್ತಮೂರು. ಯಾವುದು ಯಾರದೆಂದು ಆಮೇಲೆ ಜಗಳವಾಗಬಾರದಲ್ಲ? ನಾಳೆ ಮದುವೆಯಾಗುವವಳು ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಕುರ್ಚಿಗಳ ತಳಕ್ಕೆ ಹೆಸರು ಬರೆಯುತ್ತಿದ್ದಾಳೆ.

ಗಂಡು ಬರುತ್ತಾನೋ ಇಲ್ಲವೋ ಅದೇ ಗೊತ್ತಿಲ್ಲ. ಅವರ ಮೇಲೆ ಸಿಟ್ಟಿಲ್ಲ. ಸುಳ್ಳು, ಇದೆ. ಒಂದು ಮಾತು ಹೇಳಲು ಏನು ಕಷ್ಟ?

ಅದೇ ದಿನ, ಸಂಜೆ 6

ಬೀದಿಯಲ್ಲಿ ಏಣಿ. ಒಬ್ಬರೇ ಬಂದು ನಮ್ಮ ಮನೆಯ ಮುಂದೆ ದೀಪದ ಸರ ಕಟ್ಟುತ್ತಿದ್ದರು. ಹೋಗಿ ಕೆಳಗೆ ನಿಂತೆ. ತಿರುಗಿ ನೋಡಲಿಲ್ಲ.

"ಪುಸ್ತಕದಲ್ಲಿ ಬರ್ದಿದೀಯಾ?"

ಒಳಗೆ ಓಡಿದೆ. ಅಪ್ಪ ಜೇಬಿನಿಂದ ಪೆನ್ ತೆಗೆದುಕೊಟ್ಟ. ಮಿಲ್ಲಿನ ಸಾಲಿನ ಕೆಳಗೆ, ನಾನೇ ಎಳೆದ ಗೆರೆಯ ಕೆಳಗೆ, ಬರೆದೆ. ಆತುರಕ್ಕೆ ಅಕ್ಷರ ಸೊಟ್ಟಗಾಯಿತು.

ಮಾರ್ಚ್ 22, ಭಾನುವಾರ, ಬೆಳಿಗ್ಗೆ 7

ಅಂಗಡಿಯ ಫೋನ್ ಹೊಡೆದುಕೊಂಡಿತು. ಅಪ್ಪನಿಗಿಂತ ಮೊದಲು ನಾನೇ ಎತ್ತಿದೆ. ಯಾರಿಗೋ ಅರ್ಜೆಂಟಾಗಿ ಇಪ್ಪತ್ತು ಕುರ್ಚಿ ಬೇಕಂತೆ, ಇವತ್ತು ಆಗುತ್ತದೆಯೇ ಎಂದರು. ಪುಸ್ತಕ ತೆರೆಯಲಿಲ್ಲ. ಆಗಲ್ಲ ಅಂದೆ. ಈ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಯಾಕೆ ಎಂದು ಕೇಳಿದರು.

ಅಪ್ಪ ಫೋನ್ ತೆಗೆದುಕೊಂಡ.

"ಇವತ್ತು ನನ್ನ ಮಗಳ ಮದುವೆ ಕಣಪ್ಪ. ನೀನೂ ಬಾ. ಬರ್ತಾ ಮನೇಲಿರೋ ಒಂದು ಕುರ್ಚಿ..."

ಅಮ್ಮ ಕೂಗುತ್ತಿದ್ದಾಳೆ. ಎದುರುಮನೆ ಅಜ್ಜಿ ಆಗಲೇ ಬಂದು ತನ್ನ ಕುರ್ಚಿಯಲ್ಲಿ ಕೂತಿದ್ದಾಳಂತೆ. ನಾನಿನ್ನೂ ತಲೆ ಬಾಚಿ—