ಅಮ್ಮ ಹಚ್ಚಿದ ದೀಪ

ಸಾದಲಿ
೧೭ ನವೆಂಬರ್ ೨೦೨೪

ಮುದ್ದಿನ ತಂಗಿ ಕಲ್ಯಾಣಿಗೆ,

ಅಕ್ಕನ ಆಶೀರ್ವಾದಗಳು. ಗೌರಿಬಿದನೂರಿನಲ್ಲಿ ನೀನೂ ಉದಯಕುಮಾರರೂ ಮಗುವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಡುವ ಹೊತ್ತಿಗೇ ಶಾಲೆಯಲ್ಲಿ ಒನಕೆ ಓಬವ್ವ ಜಯಂತಿಯೂ ಬಂತು. ಗೂಡು ಈ ಸಲ ಚೆನ್ನಾಗಿದೆ. ಫೋನು ಮಾಡಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಅಮ್ಮ ಪಕ್ಕದಲ್ಲೇ ಬಂದು ಕೂರುತ್ತಾಳೆ, ಹೇಳಬೇಕಾದ್ದು ಅವಳ ವಿಷಯವೇ.

ನನ್ನ ಏಳನೇ ತರಗತಿಯ ಹುಡುಗಿಯರು ಜಯಂತಿಗೆ ನಾಟಕ ಆಡಲೇಬೇಕೆಂದು ಹಟ ಹಿಡಿದರು. ತನುಜ ಎಂಬ ಹುಡುಗಿ ಓಬವ್ವ. ಹಳೆಯ ಬಿದಿರಿನ ಚಂದ್ರಿಕೆಗಳನ್ನು ಒಂದಕ್ಕೊಂದು ಕಟ್ಟಿ, ನಡುವೆ ಕಿಂಡಿ ಬಿಟ್ಟು ಚಿತ್ರದುರ್ಗದ ಕೋಟೆ ಮಾಡಿದೆವು. ಒನಕೆ ಮಾತ್ರ ಯಾರ ಮನೆಯಲ್ಲೂ ಸಿಗಲಿಲ್ಲ. ಕೊನೆಗೆ ಅಮ್ಮ ಅಟ್ಟದಿಂದ ತನ್ನದನ್ನು ಇಳಿಸಿ, ಒರೆಸಿ, ತಾನೇ ಹೊತ್ತುಕೊಂಡು ಶಾಲೆಗೆ ಬಂದಳು. ಅದನ್ನು ಎತ್ತಲಾಗದೆ ತನುಜ ತೂರಾಡಿದಾಗ, "ಕಾಲು ಅಗಲ ಇಟ್ಕೊಂಡು ನಿಂತ್ಕೊ ಕಣಮ್ಮ" ಎಂದು ಹೇಳಿಕೊಟ್ಟಳು.

ಹನ್ನೊಂದನೇ ತಾರೀಖು ದೀಪ ಹಚ್ಚಬೇಕಿದ್ದ ಅತಿಥಿ ಬರಲೇ ಇಲ್ಲ. ಹೆಡ್‌ಮಾಸ್ಟರ್ ಮುರಳಿಮೋಹನ್ ಸುತ್ತ ನೋಡಿ, "ಒನಕೆ ತಂದೋರೇ ಹಚ್ಲಿ. ಬನ್ನಿ ಲಕ್ಷ್ಮೀನರಸಮ್ಮನೋರೇ" ಎಂದರು. ಅಮ್ಮ ಸೆರಗು ಎಳೆದುಕೊಂಡು ಕಂಬದ ಹಿಂದೆ ಸರಿದಳು.

"ಗಂಡ ಇಲ್ದೋಳು ನಾನು, ಹಚ್ಬಾರ್ದು ಸಾರ್. ಮುತ್ತೈದೇರು ಯಾರಾನ ಹಚ್ಲಿ."

ಅಪ್ಪ ಹೋದಮೇಲೆ ಅವಳು ಹೀಗೆ ಹಿಂದೆ ಸರಿಯುವುದು ನಮಗೆ ಅವಳ ಸ್ವಭಾವವೇ ಅನ್ನಿಸಿಬಿಟ್ಟಿತ್ತು, ಅಲ್ಲವಾ? ಆಗ ತನುಜ ಕಚ್ಚೆ ಸೀರೆಯಲ್ಲೇ ಓಡಿಬಂದು ಅಮ್ಮನ ಕೈ ಹಿಡಿದಳು.

"ನಿಮ್ಮ ಒನಕೆ ಬೇಕು, ನೀವು ಬೇಡ ಅಂದ್ರೆ ಹೆಂಗವ್ವಾ? ನೀವು ಹಚ್ದಿದ್ರೆ ನಾನು ಆಡಲ್ಲ. ಬನ್ನಿ."

ಅಮ್ಮ ನನ್ನ ಮುಖ ನೋಡಿದಳು. ನಾನು ಬೆಂಕಿಪೊಟ್ಟಣ ಅವಳ ಕೈಗಿಟ್ಟು, "ಹೋಗಮ್ಮ" ಎಂದೆ. ಮೊದಲ ಕಡ್ಡಿ ಆರಿತು. ಇನ್ನೊಂದು ಗೀರಿದಳು, ಹತ್ತಿಕೊಂಡಿತು. ಮಕ್ಕಳ ಚಪ್ಪಾಳೆ ನಿಲ್ಲಲೇ ಇಲ್ಲ.

ನಾಟಕವೂ ಸೊಗಸಾಗಿ ಆಯಿತು. ಸತ್ತು ಬಿದ್ದ ಸೈನಿಕರೆಲ್ಲ ಎದ್ದು ಕೂತು, ಮುಂದಿನವಳು ಹೇಗೆ ಸಾಯುತ್ತಾಳೆ ಅಂತ ನೋಡುತ್ತಿದ್ದರು! ಅಮ್ಮ ಮುಂದಿನ ಸಾಲಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಗೆ ಬರುವಾಗ, "ಎಣ್ಣೆ ಇನ್ನೊಂದು ಚೂರು ಹಾಕ್ಬೇಕಿತ್ತು ಕಣೇ" ಎಂದಳು.

ಮಗುವಿಗೆ ನನ್ನ ಮುತ್ತು. ನಿಮ್ಮ ಮನೆಯಲ್ಲಿ ನಗು ತುಂಬಿರಲಿ. ಸಂಕ್ರಾಂತಿಗೆ ಎಲ್ಲರೂ ಬನ್ನಿ.

ನಿನ್ನ ಅಕ್ಕ,
ಶೋಭಾರಾಣಿ

ತಾ.ಕ.: ನಿನ್ನ ಧಾರೆಯ ಹೊತ್ತಿಗೆ ಅಮ್ಮ ಮಂಟಪದಲ್ಲಿರಲಿಲ್ಲ, ಮಗಳಿಗಿಂತ ಅಡುಗೆಯೇ ಹೆಚ್ಚಾಯಿತಾ ಅಂತ ಇವತ್ತಿಗೂ ಕೊರಗುತ್ತೀಯಲ್ಲ? ಜಯಂತಿಯ ದಿನ ಸಂಜೆ ಅಮ್ಮ ಬಾಯಿಬಿಟ್ಟಳು. ಹೊಸ ಸೀರೆ ಉಟ್ಟು ಮಂಟಪದವರೆಗೂ ಬಂದಿದ್ದಳಂತೆ. ಸೋದರತ್ತೆ ತಡೆದು, "ಮಗಳು ಚೆನ್ನಾಗಿರ್ಬೇಕು ಅಂದ್ರೆ ಈ ಕಡೆ ಬರ್ಬೇಡ" ಅಂದರಂತೆ. ಉಗ್ರಾಣದಲ್ಲಿ ನಿಂತು ವಾಲಗ ಕೇಳಿಸಿಕೊಂಡು, ಗೋಡೆಯ ಕಡೆಗೇ ಅಕ್ಷತೆ ಹಾಕಿದಳಂತೆ. "ಕಲ್ಯಾಣಿಗೆ ಹೇಳ್ಬೇಡ, ನೊಂದ್ಕೋತಾಳೆ" ಅಂದಿದ್ದಾಳೆ. ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವಳ ಮೇಲಿನ ಕೋಪ ಇನ್ನು ಬಿಟ್ಟುಬಿಡು ಕಣೇ.