ಮರದಡಿ ಕೂತ ಹುಡುಗಿ

ಅರಕೆರೆ
೮-೧೨-೨೦೨೪, ಭಾನುವಾರ

ಪ್ರೀತಿಯ ಅವ್ವನಿಗೆ,

ಫೋನಿನಲ್ಲಿ ಹೇಳಹೊರಟರೆ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಇಷ್ಟು ವರ್ಷದ ಮೇಲೆ ಈ ಕಾಗದ.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ನಮ್ಮಂಥ ಶಿಕ್ಷಕರಿಗೆ ಎರಡು ದಿನದ ತರಬೇತಿ ಇತ್ತು. ಮಕ್ಕಳು ದಿನಕ್ಕೊಂದು ಗಂಟೆಯಾದರೂ ಓಡಿಯಾಡಬೇಕು, ಪಾಠದ ನಡುವೆಯೂ ಎಬ್ಬಿಸಿ ಆಡಿಸಿ ಎಂದು ಹೇಳಿಕೊಡಲು ದಿವ್ಯ ಎಂಬ ಹುಡುಗಿ ಬಂದಿದ್ದಳು. "ನೀವೆಲ್ಲ ಕೊನೇ ಸಲ ಓಡಿದ್ದು ಯಾವಾಗ?" ಎಂದು ನಮ್ಮನ್ನೇ ಕೇಳಿದಳು. ಬಸ್ಸು ಹಿಡಿಯಲು ಓಡಿದ್ದನ್ನು ಹೇಳಿ ಎಲ್ಲರೂ ನಕ್ಕರು. ನನಗೆ ಮಾಕವಳ್ಳಿಯ ನಮ್ಮ ಗದ್ದೆಬದು ಕಂಡಿತು. ಹನ್ನೆರಡು ವರ್ಷದ ನಾನು ಲಂಗ ಎತ್ತಿಕಟ್ಟಿ ಓಡುತ್ತಿದ್ದೇನೆ, ಕಾಲಿಗೆಲ್ಲ ಇಬ್ಬನಿ. ಬಾಗಿಲಲ್ಲಿ ನಿಂತು ನೀನು ಕರೆಯುತ್ತೀಯ: "ದೊಡ್ಡೋಳಾದೆ ಕಣವ್ವ, ಇನ್ನು ಓಡ್ಬ್ಯಾಡ, ಒಳೀಕ್ ಬಾ." ಒಳಗೆ ಬಂದವಳು ಮತ್ತೆ ಓಡಲೇ ಇಲ್ಲ.

ನಮ್ಮ ಏಳನೇ ತರಗತಿಯಲ್ಲಿ ಮಾನಸ ಎಂಬ ಹುಡುಗಿ ಇದ್ದಾಳೆ. ಕಳೆದ ವರ್ಷ ಖೋಖೋದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಈ ಜೂನ್‌ನಲ್ಲಿ ಮೈನೆರೆದ ಮೇಲೆ, ಆಟದ ಪಿರಿಯಡ್ಡಿನಲ್ಲಿ ಹೊಂಗೆಮರದಡಿ ಕೂತು ಉಳಿದವರ ಕಾಲುಗಳನ್ನೇ ನೋಡುತ್ತಿರುತ್ತಾಳೆ. ತರಬೇತಿಯಿಂದ ಬಂದ ನನಗೆ ಅದನ್ನು ನೋಡಲಾಗಲಿಲ್ಲ. ಅವರ ಮನೆಗೆ ಹೋದೆ.

ಅವಳ ತಾಯಿ ಚಿಕ್ಕಬೋರಮ್ಮ ಹಸುವಿನ ಮೈ ತೊಳೆಯುತ್ತಿದ್ದರು. "ಬಿದ್ದು ಏನಾರ ಆದ್ರೆ? ನೋಡ್ದೋರು ಆಡ್ಕಂಡ್ರೆ? ಆಗ ನೀವ್ ಬಂದೀರಾ ಮಿಸ್ಸು?" ಎಂದರು. ಶನಿವಾರ ಬೆಳಿಗ್ಗೆ ನೀವೇ ಬಂದು ನೋಡಿ ಎಂದಷ್ಟೇ ಹೇಳಿ ಬಂದೆ.

ನಿನ್ನೆ ನಾಲೆಯ ಮೇಲಿನ ಮಂಜು ನಮ್ಮ ಮೈದಾನಕ್ಕೂ ಇಳಿದಿತ್ತು. ಮಕ್ಕಳು ಅದರೊಳಗೆ ಓಡಿ ಮಾಯವಾಗಿ, ಇನ್ನೊಂದು ಕಡೆಯಿಂದ ಆಗತಾನೇ ಹುಟ್ಟಿದವರಂತೆ ಬರುತ್ತಿದ್ದರು. ಚಿಕ್ಕಬೋರಮ್ಮ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದೇ ಗೇಟಿನ ಬಳಿ ಬಂದು ನಿಂತರು. ಮರದಡಿ ಕೂತಿದ್ದ ಮಾನಸ ತಾಯಿಯನ್ನು ನೋಡಿದಳು, ಏಳಲಿಲ್ಲ. ನಾನು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಮಕ್ಕಳ ಜೊತೆ ಓಡತೊಡಗಿದೆ ಅವ್ವ! ಅರ್ಧ ಸುತ್ತಿಗೇ ಏದುಸಿರು. ಆಗ ಗೇಟಿನ ಕಡೆಯಿಂದ ಚಿಕ್ಕಬೋರಮ್ಮನ ದನಿ ಕೇಳಿತು: "ಓಡವ್ವ, ನಾನಿಲ್ಲೇ ಇವ್ನಿ."

ಒಂದು ಕ್ಷಣ ನನಗೇ ಹೇಳಿದರೆಂದುಕೊಂಡೆ. ಅಷ್ಟರಲ್ಲಿ ಮಾನಸ ನನ್ನನ್ನು ದಾಟಿ, ಜಡೆ ಹಾರಿಸಿಕೊಂಡು ಮಂಜಿನೊಳಗೆ ಹೋದಳು.

ನಿನ್ನ ಮೇಲೆ ಸಿಟ್ಟಿಲ್ಲ. ಇತ್ತು, ಬಹಳ ವರ್ಷ ಇತ್ತು. ನಿನ್ನನ್ನು ಯಾರು ಒಳಗೆ ಕರೆದಿದ್ದರೋ, ನಾನು ಕೇಳಲೇ ಇಲ್ಲ. ಸಂಕ್ರಾಂತಿಗೆ ನಾನು ಊರಿಗೆ ಬಂದಾಗ ಹೇಳು.

ನಿನ್ನ ಮಗಳು,
ಪ್ರಮೀಳಾ

ಮರೆತದ್ದಲ್ಲ, ಬಚ್ಚಿಟ್ಟದ್ದು: ಅವರ ಮನೆಗೆ ಹೋದ ದಿನ ಚಿಕ್ಕಬೋರಮ್ಮ ಮೊದಲು ಕೇಳಿದ್ದು ಬೇರೆಯೇ. "ಇನ್ಮೇಲೆ ಆಡ್ಬ್ಯಾಡ, ಮರದಡಿ ಕುಂತ್ಕೊ ಅಂತ ನೀವೇ ಅಲ್ವಾ ಮಿಸ್ಸು ಯೋಳಿದ್ದು?" ಹೌದು ಅವ್ವ, ಜೂನ್‌ನಲ್ಲಿ ನಾನೇ ಹೇಳಿದ್ದೆ. ನಿನ್ನೆ ಮಾನಸ ಸುತ್ತು ಮುಗಿಸಿ ಬಂದಾಗ ಅವಳ ಎದುರು ನಿಂತು ತಪ್ಪಾಯಿತು ಎಂದೆ. ಅವಳಿಗಿನ್ನೂ ಉಸಿರು ತಿರುಗಿರಲಿಲ್ಲ. "ಇನ್ನೊಂದ್ ಸುತ್ತು ಹೋಗ್ಬುಟ್ ಬತ್ತೀನಿ ಮಿಸ್" ಎಂದು ಓಡಿದಳು.