ಪಿತ್ತ ಒಡೆಯದ ಕೈ

ಅತ್ತೆಯವರಿಗೆ, ನಿಮ್ಮಿಂದ ಬೈಸಿಕೊಂಡು ಮೀನು ಕೊಯ್ಯಲು ಕಲಿತ ಸೊಸೆಯ ನಮಸ್ಕಾರ.

ಇಲ್ಲಿ ಲ್ಯಾಬಿನಲ್ಲಿ ಕಾರ್ಖಾನೆಯ ನೀರು ಸೇರುವ ಹೊಳೆಯ ಮೀನಿನ ಪಿತ್ತಜನಕಾಂಗ ತೆಗೆದು, ಅದರಲ್ಲಿ ಎಷ್ಟು ಸೀಸವಿದೆ, ಅದು ಮೀನಿನಲ್ಲಿ ಬೊಜ್ಜು ಬೆಳೆಸುವ ಜೀನನ್ನು ಕೆಣಕುತ್ತದೆಯೇ ಎಂದು ನೋಡುತ್ತೇವೆ. ಅದಕ್ಕೆ ಅಂಟಿಕೊಂಡ ಪಿತ್ತದ ಚೀಲ ಒಡೆದರೆ ಮಾದರಿ ಹಾಳು. ನಿನ್ನೆ ದೊಡ್ಡ ಪದವಿಯವರೆಲ್ಲ ಒಡೆದು ಕೂತರು. ನಾನು ಮೂವತ್ತು ಮೀನು ಕೊಯ್ದೆ, ಒಂದೂ ಒಡೆಯಲಿಲ್ಲ!

ಪ್ರೊಫೆಸರ್ ಕನ್ನಡಕ ಏರಿಸಿ, "ಯಾವ ಲ್ಯಾಬಲ್ಲಿ ಕಲಿತ್ರಮ್ಮ?" ಅಂದರು.

"ನಮ್ಮತ್ತೆ ಅಡುಗೆಮನೇಲಿ ಸಾರ್."

ನನ್ನ ಕೆಮ್ಮು ವಾಸಿಯಾಗಿದೆ. ನೀವು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಇಂದು ಲ್ಯಾಬಿನ ಗೋಡೆಗೆ ಹೊಸ ನಿಯಮ ಅಂಟಿಸಿದ್ದಾರೆ: "ಮೀನನ್ನು ಅತ್ತೆ ವಿಧಾನದಲ್ಲೇ ಕೊಯ್ಯಬೇಕು." "ಮೀನು ಕೊಯ್ಯೋಕೆ ಅಷ್ಟು ದೂರ ಹೋಗ್ಬೇಕಾ?" ಅಂದ ನಿಮ್ಮ ಮಗನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ.

ನಿಮ್ಮ ಸೊಸೆ